ಸಪ್ಪಳಕ್ಕೆ ಹಂಚಿದ ಪೇಢೆ

ಎಂ.ಆರ್.ಐ. ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಎಲ್ಲರೂ ಹೇಳಿಕೊಡುವುದು ಆಯಸ್ಕಾಂತದ ವಿಷಯ. ಕೀಲಿಕೈ ಹೊರಗಿಡಿ, ಮೊಬೈಲ್ ಹೊರಗಿಡಿ, ಆಕ್ಸಿಜನ್ ಸಿಲಿಂಡರ್ ಒಳಗೆ ತಂದರೆ ಹಾರಿ ಹೋಗಿ ಯಂತ್ರಕ್ಕೆ ಬಡಿಯುತ್ತದೆ, ಹುಷಾರು. ಇದೆಲ್ಲ ಸರಿ. ಸಪ್ಪಳದ ವಿಷಯ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೇಳಿದರೂ, ಸ್ವಲ್ಪ ಸಪ್ಪಳ ಆಗುತ್ತದೆ, ಹೆದರಬೇಡಿ ಅಂತ ಪೇಶಂಟಿಗೆ ಒಂದು ಮಾತು ಹೇಳಿಬಿಡಿ ಅನ್ನುವಲ್ಲಿಗೆ ಮುಗಿಯುತ್ತದೆ. ಸ್ವಲ್ಪವಂತೆ! ಹಾಗೆ ಹೇಳುವವರನ್ನು ಒಮ್ಮೆ ಆ ಕೊಳವೆಯೊಳಗೆ ಮಲಗಿಸಿ ಬಾಗಿಲು ಹಾಕಿಕೊಂಡು ಬರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ನಿವೃತ್ತಿಯಾದ ಮೇಲೂ ಆ ಸಿಟ್ಟು ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಈರಣ್ಣ, ಊರು ಗುಡಗೇರಿ. ಹುಬ್ಬಳ್ಳಿಯಲ್ಲಿ ಎಕ್ಸ್-ರೇ ಡಿಪ್ಲೊಮಾ ಮುಗಿಸಿ ಅಲ್ಲಿ ಇಲ್ಲಿ ಕೆಲಸ ಮಾಡಿದೆ. ಆಮೇಲೆ ದುಡಿದದ್ದೆಲ್ಲ ಕುಂದಗೋಳದ ಹೊರಗೆ ರಸ್ತೆ ಬದಿಯ ಒಂದು ಖಾಸಗಿ ಸ್ಕ್ಯಾನ್ ಸೆಂಟರಿನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗುವುದು, ಸಂಜೆ ಗಾಡಿಗೆ ಮರಳುವುದು. ಸೆಂಟರಿನ ಮಾಲೀಕರು ಆ ಕಡೆಯವರೇ ಆದ ಒಬ್ಬ ಗೌಡರು, ಹತ್ತಿ ಮತ್ತು ಮೆಣಸಿನಕಾಯಿ ವ್ಯಾಪಾರದ ಮನೆತನ. ಅವರ ತಾಯಿಗೆ ಲಕ್ವಾ ಹೊಡೆದಾಗ ಸ್ಕ್ಯಾನಿಗಾಗಿ ಹುಬ್ಬಳ್ಳಿಯಲ್ಲಿ ದಿನವಿಡೀ ಕಾಯಬೇಕಾಗಿತ್ತಂತೆ. ಆ ಸಿಟ್ಟಿಗೆ ನಮ್ಮ ತಾಲೂಕಿನಲ್ಲೇ ಒಂದು ಯಂತ್ರ ಕೂಡಿಸುತ್ತೇನೆ ಅಂತ ಹಟ ಹಿಡಿದು ಕೂಡಿಸಿದರು. ಅಷ್ಟಕ್ಕೆ ಅವರನ್ನು ಮೆಚ್ಚಲೇಬೇಕು. ಯಂತ್ರ ಮಾತ್ರ ಯಾವುದೋ ದೊಡ್ಡ ಊರಿನ ಆಸ್ಪತ್ರೆಯವರು ಬಳಸಿ ಬಿಟ್ಟದ್ದು. ಸ್ಕ್ಯಾನ್ ಮಾಡುವವನು ನಾನು, ಚಿತ್ರ ನೋಡಿ ವರದಿ ಬರೆಯುವವರು ಹುಬ್ಬಳ್ಳಿಯಲ್ಲಿ ಕೂತ ಡಾಕ್ಟರ್ ಮೇಡಂ. ಅವರು ನಮ್ಮಲ್ಲಿಗೆ ಬರುವುದೇ ಅಪರೂಪವಾಗಿತ್ತು, ಹಾಗಾಗಿ ಆ ಸಪ್ಪಳ ಅವರ ಕಿವಿಗೆ ಬಿದ್ದದ್ದೂ ಅಪರೂಪ.

ಸಪ್ಪಳ ಯಾಕೆ ಬರುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಆಯಸ್ಕಾಂತದ ಒಳಮೈಗೆ ತಂತಿಯ ಸುರುಳಿಗಳಿವೆ. ಅವಕ್ಕೆ ಕರೆಂಟು ಕೊಟ್ಟು ತೆಗೆದು, ಕೊಟ್ಟು ತೆಗೆದು ಮಾಡಿದಾಗ ಅವು ಅದುರುತ್ತವೆ. ಅದೇ ಸಪ್ಪಳ. ಬೇಗ ಬೇಗ ಕೊಟ್ಟು ತೆಗೆದರೆ ಚಿತ್ರ ಬೇಗ ಮುಗಿಯುತ್ತದೆ, ಸಪ್ಪಳ ಹೆಚ್ಚುತ್ತದೆ. ನಿಧಾನ ಮಾಡಿದರೆ ಸಪ್ಪಳ ತಗ್ಗುತ್ತದೆ, ಹೊತ್ತು ಹಿಡಿಯುತ್ತದೆ. ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಆ ಅದುರು ಕಿವಿಯ ದಾರಿಯಿಂದಷ್ಟೇ ಒಳಗೆ ಹೋಗುವುದಿಲ್ಲ. ಯಂತ್ರದ ಮೈಯಿಂದ ಪೇಶಂಟು ಮಲಗಿದ ಹಲಗೆಗೆ, ಹಲಗೆಯಿಂದ ಬೆನ್ನಿಗೆ, ತಲೆಬುರುಡೆಗೆ ಹತ್ತುತ್ತದೆ. ಅದಕ್ಕೇ ಕಿವಿಗೆ ಸ್ಪಂಜಿನ ಬಿರಡೆ ಬೇಕು, ಅದರ ಮೇಲೆ ಹೆಡ್‌ಫೋನ್ ಬೇಕು, ಬೆನ್ನ ಕೆಳಗೆ ದಪ್ಪ ಗಾದಿಯೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ನಮ್ಮ ಜನ ಆ ಸಪ್ಪಳಕ್ಕೆ ತಮ್ಮ ತಮ್ಮ ಬದುಕಿನ ಹೆಸರಿಡುತ್ತಿದ್ದರು. ಹೊಲದವರು ಕಾಳು ಬಡಿಯುವ ರಾಶಿ ಮಷಿನ್ ಅನ್ನುತ್ತಿದ್ದರು, ಗೌಂಡಿಗಳು ಬೋರ್‌ವೆಲ್ ಗಾಡಿ ಅನ್ನುತ್ತಿದ್ದರು. ಅಣ್ಣಿಗೇರಿ ಕಡೆಯ ಒಬ್ಬ ಹೆಣ್ಣುಮಗಳು ಹೊರಗೆ ಬಂದವಳೇ ಏನೂ ಅನ್ನದೆ ಗೋಡೆಗೆ ಒರಗಿ ಅತ್ತುಬಿಟ್ಟಳು. ಎಷ್ಟೋ ಮಂದಿ ನಡುವೆಯೇ ಎದ್ದು ಓಡಿದ್ದಾರೆ. ಎದ್ದವರನ್ನು ಗೌಡರು ಪುಕ್ಕಲರು ಅಂತ ನಗುತ್ತಿದ್ದರು. ಅರ್ಧಕ್ಕೆ ಎದ್ದು ಹೋದ ಪೇಶಂಟಿನ ಕಾಯಿಲೆ ಅರ್ಧಕ್ಕೆ ನಿಲ್ಲುವುದಿಲ್ಲ ಅಂತ ನಾನು ಹೇಳಿದರೆ, ನಿನ್ನದು ಯಾವಾಗಲೂ ತಕರಾರು ಅನ್ನುತ್ತಿದ್ದರು.

ನಮ್ಮ ಕಡೆಯ ಮರ್ಯಾದೆಯೂ ಆ ಕೋಣೆಯಲ್ಲಿ ಎಡವಟ್ಟಾಗುತ್ತಿತ್ತು. ಮೈಕಿನಲ್ಲಿ ‘ಅಜ್ಜಾರ, ಆರಾಮ ಅದೀರೇನ್ರಿ’ ಅಂತ ಕೇಳಿದರೆ ಹಿರಿಯರು ಮಲಗಿದಲ್ಲಿಂದಲೇ ಉತ್ತರ ಕೊಡುವುದಿಲ್ಲ. ತಲೆಯೆತ್ತಿ, ಮಾತಾಡಿದವನ ಮುಖ ಹುಡುಕಿ, ‘ಆರಾಮ ಅದೀನ್ರಿ’ ಅನ್ನಬೇಕು. ಎತ್ತಿದ ಹಣೆ ತಲೆಗೆ ಹಾಕಿದ ಪಂಜರಕ್ಕೆ ಬಡಿಯುತ್ತಿತ್ತು, ಚಿತ್ರ ಕೆಡುತ್ತಿತ್ತು. ಆಮೇಲೆ ನಾನು ಮಾತು ಬಿಟ್ಟು ಕೈಗೆ ರಬ್ಬರ್ ಉಂಡೆ ಕೊಡತೊಡಗಿದೆ. ತೊಂದರೆಯಾದರೆ ಹಿಚುಕಿ ಅಂದರೆ ಕಲಘಟಗಿಯ ಕಡೆಯ ಒಬ್ಬ ಅಜ್ಜ ಮೊದಲಿನಿಂದ ಕೊನೆಯ ತನಕ ಹಿಚುಕುತ್ತಲೇ ಇದ್ದರು. ನಾನು ಗಾಬರಿಯಾಗಿ ನಿಲ್ಲಿಸಿ ಓಡಿದರೆ, ನೀವು ಪ್ರೀತಿಯಿಂದ ಕೊಟ್ಟಿರಿ, ಸುಮ್ಮನೆ ಹಿಡಿದುಕೊಂಡರೆ ನಿಮಗೆ ಬೇಸರವಾದೀತು ಅಂತ ಹಿಚುಕಿದೆ ಅಂದರು. ಇಂಥ ಒಳ್ಳೆಯ ಮಂದಿಯನ್ನು ಆ ಗದ್ದಲದೊಳಗೆ ತಳ್ಳುವ ಕೆಲಸ ನನ್ನದು.

ಕಿವಿ ಬಿರಡೆಯ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಒಬ್ಬರಿಗೆ ಹಾಕಿದ ಸ್ಪಂಜನ್ನು ಇನ್ನೊಬ್ಬರಿಗೆ ಹಾಕಬಾರದು. ಗೌಡರಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದು ದಿನ ತಮ್ಮ ಹೊಲದ ಹತ್ತಿಯನ್ನೇ ಚೀಲದಲ್ಲಿ ತಂದಿಟ್ಟು, ಇಷ್ಟು ಹತ್ತಿ ಬೆಳೆಯುವ ಮಂದಿಗೆ ಹೊರಗಿನ ಸ್ಪಂಜು ಯಾಕೆ ಅಂದರು. ಹತ್ತಿ ಗಾಳಿಯನ್ನು ತಡೆದೀತು, ಈ ಸಪ್ಪಳವನ್ನು ತಡೆಯುವುದಿಲ್ಲ ಅಂದೆ. ಜನರೂ ಗೌಡರ ಕಡೆಗೇ. ನಮ್ಮಲ್ಲಿ ಬಾಣಂತಿಯ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಕಟ್ಟುವುದು ಹಿಂದಿನಿಂದ ಬಂದ ರೂಢಿ. ಬಾಣಂತಿಯರು ಸ್ಕ್ಯಾನಿಗೆ ಬಂದರೆ ಆ ಹತ್ತಿ ತೆಗೆಯಲು ಅವರ ತಾಯಂದಿರು ಬಿಡುತ್ತಿರಲಿಲ್ಲ, ಗಾಳಿ ಹೊಕ್ಕರೆ ನೀನು ನೋಡಿಕೊಳ್ಳುತ್ತೀಯಾ ಅಂತ ನನ್ನ ಮೇಲೇ ಏರಿ ಬರುತ್ತಿದ್ದರು. ಹತ್ತಿ ಕಂಡರೆ ಸಾಕು, ಕಿವಿ ಮುಚ್ಚಿದ ಹಾಗಾಯಿತು ಅಂತ ಎಲ್ಲರಿಗೂ ಸಮಾಧಾನ. ಕೊನೆಗೆ ನಾನೇ ಹುಬ್ಬಳ್ಳಿಗೆ ಹೋದಾಗ ಬಿರಡೆಗಳನ್ನು ತಂದು ನನ್ನ ಕಪಾಟಿನಲ್ಲಿ ಇಟ್ಟುಕೊಳ್ಳತೊಡಗಿದೆ. ಅಷ್ಟರಲ್ಲಿ ಹಲಗೆಯ ಮೇಲಿನ ದಪ್ಪ ಗಾದಿ ಹರಿಯಿತು. ಅದರ ಬದಲಿಗೆ ಗೌಡರು ಊರಲ್ಲೇ ಒಂದು ತೆಳುವಾದ ರೆಗ್ಝಿನ್ ಗಾದಿ ಹೊಲಿಸಿ ಹಾಸಿದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ಚಪಾತಿಯ ಹಾಗೆ ಚಪ್ಪಟೆಯಾಯಿತು.

ಹೊಸ ವಿಧಾನ ಬಂದದ್ದು ಕಂಪನಿಯ ಎಂಜಿನಿಯರ್ ಒಬ್ಬರಿಂದ. ರಿಪೇರಿಗೆ ಬಂದವರು ನನ್ನ ಗೊಣಗಾಟ ಕೇಳಿ, ಇದಕ್ಕೊಂದು ಮೆತ್ತಗಿನ ಪ್ರೋಗ್ರಾಂ ಇದೆ, ಹಾಕಿಕೊಡುತ್ತೇನೆ ಅಂದರು. ಕರೆಂಟನ್ನು ಥಟ್ಟನೆ ಕೊಟ್ಟು ಥಟ್ಟನೆ ತೆಗೆಯುವ ಬದಲು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುವುದು. ಚಿತ್ರ ಅಷ್ಟೇ ಚೊಕ್ಕ, ಸಪ್ಪಳ ಎಷ್ಟೋ ಕಡಿಮೆ, ಹೊತ್ತು ಮಾತ್ರ ಹೆಚ್ಚು. ನಾನು ಅದನ್ನು ಮುದುಕರಿಗೆ, ಮಕ್ಕಳಿಗೆ, ಹೆದರುವವರಿಗೆ ಬಳಸತೊಡಗಿದೆ. ಜನ ನಡುವೆ ಏಳುವುದು ನಿಂತಿತು. ನನಗೆ ಈ ಕೆಲಸದಲ್ಲಿ ಖುಷಿ ಅಂತ ಕಂಡದ್ದು ಆ ಕೆಲವು ತಿಂಗಳು ಮಾತ್ರ. ಹೊರಗಿನ ಬೆಂಚಿನಲ್ಲಿ ಸಾಲು ಬೆಳೆದದ್ದು ನೋಡಿ ಗೌಡರು ವಿಚಾರಿಸಿದರು. ಮುಂದಿನ ಸಲ ಎಂಜಿನಿಯರ್ ಬಂದಾಗ, ನಾನು ರಜೆಯಲ್ಲಿದ್ದ ದಿನ, ಆ ಪ್ರೋಗ್ರಾಂ ತೆಗೆಸಿಬಿಟ್ಟರು. ಮರಳಿ ಬಂದು ಕೇಳಿದರೆ, ಈರಣ್ಣ, ನಮ್ಮದು ಸೆಂಟರು, ಜೋಗುಳದ ಮನೆಯಲ್ಲ ಅಂದು ನಕ್ಕರು. ಯಂತ್ರ ಅವರದು.

ಇದಾದ ಸ್ವಲ್ಪ ದಿನಕ್ಕೆ ಭಾಗ್ಯಾ ಬಂದಳು.

ಗುಡಗೇರಿಯ ಆಚೆಯ ಹಳ್ಳಿಯ ಕುರಿಗಾರರ ಮನೆಯ ಕೂಸು. ಮೂರರ ಆಸುಪಾಸು ಇರಬೇಕು. ತಂದೆ ಕುರಿ ಹಿಂಡಿನ ಜೊತೆ ಊರೂರು ತಿರುಗುವವನು. ಕೂಸನ್ನು ಕರೆತಂದವರು ತಾಯಿ ರೇಣವ್ವ ಮತ್ತು ಅಜ್ಜಿ ಫಕೀರವ್ವ. ಭಾಗ್ಯಾಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ ಅಂತ ಹುಬ್ಬಳ್ಳಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದರು. ಆಪರೇಷನ್ ಮಾಡಿ ಕಿವಿಯೊಳಗೆ ಒಂದು ಸಣ್ಣ ಯಂತ್ರ ಕೂಡಿಸಿದರೆ ಕೇಳಿಸುತ್ತದೆ, ಸರ್ಕಾರದಿಂದಲೇ ಆಗುತ್ತದೆ, ಆದರೆ ಕೂಸು ಸಣ್ಣದಿರುವಾಗಲೇ ಆಗಬೇಕು, ದೊಡ್ಡದಾದರೆ ಮಿದುಳಿಗೆ ಮಾತು ಹತ್ತುವುದಿಲ್ಲ ಅಂದಿದ್ದರು. ಅದಕ್ಕೆ ಮೊದಲು ಕಿವಿಯ ನರ ಸರಿಯಾಗಿದೆಯೇ ಅಂತ ಎಂ.ಆರ್.ಐ.ಯಲ್ಲಿ ನೋಡಬೇಕು. ಆ ಚಿತ್ರ ಚೊಕ್ಕವಾಗಿ ಬಂದರೆ ಆಪರೇಷನ್, ಬರದಿದ್ದರೆ ಇಲ್ಲ. ಆ ಕೂಸಿನ ಮಾತೆಲ್ಲ ಆ ಒಂದು ಚಿತ್ರದ ಮೇಲೆ ನಿಂತಿತ್ತು.

ಫಕೀರವ್ವನಿಗೆ ಇದು ಯಾವುದರ ಮೇಲೂ ನಂಬಿಕೆಯಿರಲಿಲ್ಲ. ಭಾಗ್ಯಾಳ ಅಪ್ಪನೂ ತಡವಾಗಿ ಮಾತಾಡಿದವನೇ, ನಾಲಿಗೆಗೆ ದಿನಾ ಬಜೆ ಬೇರು ತಿಕ್ಕುತ್ತಿದ್ದೇನೆ, ಇಂದಲ್ಲ ನಾಳೆ ಮಾತು ಬಂದೇ ಬರುತ್ತದೆ ಅಂತ ಬೆಂಚಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದಳು. ರೇಣವ್ವ ಅತ್ತೆಯ ಎದುರು ಬಾಯಿ ಬಿಡುವವಳಲ್ಲ. ಆದರೆ ಅತ್ತೆ ನೀರು ಕುಡಿಯಲು ಹೋದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

‘ಅಣ್ಣಾರ, ಚೊಲೋತ್ನಂಗ ಬರತೈತಲ್ರಿ ಫೋಟೋ? ಅಕಿ ನನ್ನ ಒಮ್ಮೆ ಅವ್ವಾ ಅಂದ್ರ ಸಾಕ್ರಿ ನನಗ.’

ಮಕ್ಕಳ ಡಾಕ್ಟರು ಬಂದು ನಿದ್ದೆಯ ಔಷಧ ಕುಡಿಸಿ ಹೋದರು. ಕೂಸು ತಾಯಿಯ ಹೆಗಲ ಮೇಲೆ ಮಲಗಿತು. ನಾನು ಬಿರಡೆಯನ್ನು ಅರ್ಧಕ್ಕೆ ಕತ್ತರಿಸಿ ಅದರ ಕಿವಿಗೆ ಸರಿ ಹೊಂದುವ ಹಾಗೆ ಮಾಡುತ್ತಿದ್ದೆ. ಅಷ್ಟರಲ್ಲಿ ಗೌಡರು ಒಳಗೆ ಬಂದರು. ಹೊರಗೆ ಯಾರೋ ಪುಢಾರಿಯ ಬೀಗರು ಮೊಣಕಾಲು ನೋವು ಅಂತ ಬಂದು ಕೂತಿದ್ದರು.

‘ಕಿವುಡ ಕೂಸಿಗೆ ಬಿರಡಿ ಯಾಕೋ ಈರಣ್ಣ? ಸಪ್ಪಳ ಆದ್ರೇನು, ಆಗದಿದ್ರೇನು ಅದಕ್ಕ? ಜಲ್ದಿ ಮುಗಸು.’

‘ಕಿವಿಗೆ ಗೊತ್ತಾಗದಿದ್ರೂ ಮೈಗೆ ಗೊತ್ತಾಗ್ತೈತ್ರಿ ಗೌಡ್ರ. ಹಲಗಿ ನಡಗಿದ್ರ ಕೂಸು ಏಳ್ತೈತಿ. ಆ ಮೆತ್ತಗಿನ ಪ್ರೋಗ್ರಾಂ ಇದ್ದಿದ್ರ...’

ಅವರು ಪೂರ್ತಿ ಕೇಳಲೇ ಇಲ್ಲ, ಬೀಗರಿಗೆ ಚಹಾ ಹೇಳಲು ಹೊರಟುಹೋದರು. ಫಕೀರವ್ವ ಹೊದಿಸಲು ತಂದಿದ್ದ ಕೌದಿಯನ್ನು ನಾನು ಮಡಚಿ ಮಡಚಿ ಕೂಸಿನ ಬೆನ್ನ ಕೆಳಗೆ ಹಾಸಿದೆ. ತಲೆಯ ಕೆಳಗೆ ಹಾಸಲು ಬರುವುದಿಲ್ಲ, ಅಲ್ಲಿ ಗಟ್ಟಿ ಪಂಜರವಿರುತ್ತದೆ. ರೇಣವ್ವನ ಕಿವಿಗೂ ಬಿರಡೆ ಹಾಕಿ ಕೂಸಿನ ಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂಡಲು ಹೇಳಿದೆ.

ಮೊದಲಿನ ಸಣ್ಣ ಚಿತ್ರಗಳಿಗೆ ಕೂಸು ಅಲುಗಲಿಲ್ಲ. ನರ ಕಾಣಿಸುವ ಚಿತ್ರ ಕೊನೆಗೆ ಬರುತ್ತದೆ, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಸಪ್ಪಳ. ಅದು ಶುರುವಾದ ಕೂಡಲೇ ಹಲಗೆ ಗಡಗಡ ನಡುಗಿತು. ಗಾಜಿನಾಚೆ ಪುಟ್ಟ ಕಾಲು ಒದ್ದಾಡಿದ್ದು ಕಂಡಿತು. ಯಂತ್ರ ನಿಲ್ಲಿಸಿ ನಾನು ಓಡಿದೆ. ಭಾಗ್ಯಾ ಕಣ್ಣು ಬಿಟ್ಟು, ಕೈಕಾಲು ಬಡಿದು, ಉಸಿರು ಕಟ್ಟಿ ಅಳುತ್ತಿದ್ದಳು. ಹೊರಗಿನಿಂದ ಅಳು ಕೇಳಿ ಫಕೀರವ್ವ ಬಾಗಿಲು ನೂಕಿಕೊಂಡು ಒಳಗೆ ಬಂದಳು.

‘ಎಪ್ಪಾ, ನನ್ನ ಕೂಸಿಗೆ ಕೇಳಸ್ತೈತಿ! ಸಪ್ಪಳಕ್ಕ ಎದ್ದೈತಿ ನೋಡ್ರಿ!’

ಅವಳು ಕೂಸನ್ನು ಎತ್ತಿಕೊಂಡು ಹೊರಗೆ ಹೋಗಿ ಎಲ್ಲರಿಗೂ ತೋರಿಸಿದಳು. ಬೆಂಚಿನಲ್ಲಿ ಕೂತವರು ಎದ್ದು ನಿಂತರು, ಕೆಲವರು ಕೈ ಮುಗಿದರು. ರೇಣವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಾನು ಹೋಗಿ, ಅದು ಕೇಳಿಸಿ ಎದ್ದದ್ದಲ್ಲ, ಹಲಗೆ ನಡುಗಿ ತಲೆಗೆ ತಾಗಿದ್ದಕ್ಕೆ ಎದ್ದದ್ದು ಅಂತ ಬಿಡಿಸಿ ಹೇಳಿದೆ. ನನ್ನ ಮಾತಿಗೆ ಅಲ್ಲಿ ಯಾರ ಮುಖವೂ ತಿರುಗಲಿಲ್ಲ. ಫಕೀರವ್ವ ಮಾತ್ರ, ನಿನ್ನ ಬಾಯಲ್ಲಿ ಒಂದು ಒಳ್ಳೆಯ ಮಾತು ಬರುವುದಿಲ್ಲವೇನೋ ತಮ್ಮಾ ಅಂದಳು.

ಗೌಡರು ಏನು ಮಾಡಿದರು ಕೇಳಿ. ನಮ್ಮ ಸೆಂಟರಿನಲ್ಲಿ ಕೂಸಿಗೆ ಕಿವಿ ಬಂತು ಅಂತ ಹೇಳಿ ಪೇಢೆ ತರಿಸಿದರು. ಪುಢಾರಿಯ ಬೀಗರಿಂದ ಹಿಡಿದು ಕಸ ಹೊಡೆಯುವವಳ ತನಕ ಎಲ್ಲರ ಕೈಗೂ ಒಂದೊಂದು. ನನ್ನ ಕೈಗೂ ಇಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಅವರು ಆಟ ಹೂಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಆ ಮನುಷ್ಯ ನಿಜವಾಗಿಯೂ ನಂಬಿದ್ದರು. ಆ ಪೇಢೆಯನ್ನು ನಾನು ತಿನ್ನಲಿಲ್ಲ, ಸಂಜೆ ಸ್ಟೇಷನ್ನಿನಲ್ಲಿ ನಾಯಿಗೆ ಹಾಕಿದೆ.

ಡಾಕ್ಟರ್ ಮೇಡಂ ಫೋನಿನಲ್ಲಿ ಹೇಳಿದ್ದು ನಾನು ಹೇಳಿದ್ದನ್ನೇ. ಚಿತ್ರ ಕದಡಿದೆ, ನರ ಕಾಣುವುದಿಲ್ಲ, ಹುಬ್ಬಳ್ಳಿಗೆ ಕರೆದುಕೊಂಡು ಬಂದು ಅರಿವಳಿಕೆ ಕೊಟ್ಟು ಮತ್ತೆ ಮಾಡಿಸಬೇಕು. ವರದಿಯಲ್ಲೂ ಹಾಗೇ ಬರೆದು ಕೈ ತೊಳೆದುಕೊಂಡರು. ಆ ಮನೆಯವರು ಮತ್ತೆ ಯಾಕೆ ಬಂದಾರು? ಅವರ ಪಾಲಿಗೆ ಕೂಸಿಗೆ ಕಿವಿ ಬಂದಾಗಿತ್ತು. ಅಷ್ಟೇ ಆಗಿದ್ದರೂ ಹಾಳಾಗಲಿ ಅನ್ನಬಹುದಿತ್ತು. ಸುದ್ದಿ ಬಾಯಿಂದ ಬಾಯಿಗೆ ಹರಡಿ, ನವಲಗುಂದ ಕಡೆಯಿಂದ, ದುಮ್ಮವಾಡದ ಕಡೆಯಿಂದ ಮಾತು ಬಾರದ ಮಕ್ಕಳನ್ನು ಕರೆದುಕೊಂಡು ಜನ ಬರತೊಡಗಿದರು. ಯಾವ ಚೀಟಿಯೂ ಇಲ್ಲ, ಡಾಕ್ಟರು ಬರೆದದ್ದೂ ಇಲ್ಲ. ಆ ಮಷಿನ್ನಿನ ಸಪ್ಪಳ ಒಮ್ಮೆ ಕೇಳಿಸಿ ಸಾಕು ಅಂತ ಕೈ ಮುಗಿಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಬೈದು ಹುಬ್ಬಳ್ಳಿಯ ಕಿವಿ ಡಾಕ್ಟರ ಕಡೆಗೆ ಅಟ್ಟುತ್ತಿದ್ದೆ. ಕುಂದಗೋಳದ ಸೆಂಟರಿನಲ್ಲಿ ಒಬ್ಬ ಕೆಟ್ಟ ಬಾಯಿಯ ಮನುಷ್ಯ ಇದ್ದಾನೆ ಅಂತ ನನಗೆ ಹೆಸರು ಬಂತು.

ಭಾಗ್ಯಾಳ ವಿಷಯ ಮಾತ್ರ ನನ್ನನ್ನು ಬಿಡಲಿಲ್ಲ. ಗುಡಗೇರಿಯ ಸಂತೆಯ ದಿನ ರಜೆ ಹಾಕಿ, ಸಂತೆಗೆ ಬಂದಿದ್ದ ಅವರ ಊರಿನವರ ಟಂಟಂ ರಿಕ್ಷಾದಲ್ಲಿ ಕೂತು ಅವರ ಮನೆಗೇ ಹೋದೆ. ಫಕೀರವ್ವ ಬೈಯಲಿಲ್ಲ, ಮನೆಗೆ ಬಂದವರನ್ನು ಬೈಯುವ ಜಾತಿಯವಳಲ್ಲ ಅವಳು. ಕೂಡಿಸಿ, ಚಹಾ ಮಾಡಿಸಿ ಕೊಟ್ಟು, ಕೂಸಿಗೆ ಹೇಗೆ ಕೇಳಿಸುತ್ತದೆ ತೋರಿಸುತ್ತೇನೆ ನೋಡು ಅಂದಳು. ಭಾಗ್ಯಾ ನೆಲದ ಮೇಲೆ ಕೂತು ಕಟ್ಟಿಗೆಯ ತುಂಡುಗಳನ್ನು ಸಾಲಾಗಿ ಇಡುತ್ತಿದ್ದಳು. ಅಜ್ಜಿ ಅವಳ ಹಿಂದೆ ಹೋಗಿ ಹಿತ್ತಾಳೆಯ ತಾಟನ್ನು ನೆಲಕ್ಕೆ ಬಡಿದಳು. ಕೂಸು ಹೊರಳಿ ನೋಡಿತು. ಇನ್ನೇನು ಬೇಕು ನಿನಗೆ ಅನ್ನುವ ಹಾಗೆ ಫಕೀರವ್ವ ನನ್ನ ಮುಖ ನೋಡಿದಳು.

‘ಯವ್ವಾ, ಕೂಸಿನ್ನ ಹೊರಸಿನ ಮ್ಯಾಲೆ ಕೂಡಸು. ತಾಟು ನೆಲಕ್ಕ ಬಡಿಬ್ಯಾಡ, ಮ್ಯಾಲೆತ್ತಿ ಹಿಡಿದು ಸೌಟಿನಿಂದ ಬಡಿ’ ಅಂದೆ.

ಬಡಿದಳು. ಹಗ್ಗದ ಮಂಚದ ಮೇಲಿನ ಕೂಸು ಹೊರಳಲಿಲ್ಲ. ಇನ್ನೂ ಜೋರಾಗಿ, ಅಂಗಳದ ಕೋಳಿಗಳೆಲ್ಲ ಚದುರುವ ಹಾಗೆ ಬಡಿದಳು. ಭಾಗ್ಯಾ ಹೊರಸಿನ ಹಗ್ಗದ ಗಂಟನ್ನು ಬಿಚ್ಚುವುದರಲ್ಲೇ ಇದ್ದಳು. ಫಕೀರವ್ವ ಸೌಟು ಕೆಳಗಿಟ್ಟು, ಈಗ ಆಟದಲ್ಲಿ ಲಕ್ಷ್ಯ ಇದೆ ಅದಕ್ಕೆ ಅಂದಳು. ಆದರೆ ಅಡುಗೆಮನೆಯ ಬಾಗಿಲಲ್ಲಿ ರೇಣವ್ವ ನಿಂತಿದ್ದಳು. ಅವಳು ಮಗಳನ್ನು ನೋಡಿದಳು, ತಾಟನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಫಕೀರವ್ವ ಅಡ್ಡ ಬಂದು ಕೊನೆಯ ಮಾತು ಆಡಿಬಿಟ್ಟಳು.

‘ಕೇಳ್ಸೋ ಕೂಸಿನ ತಲಿ ಕೊರಸಾಕ ನಾ ಕೊಡಂಗಿಲ್ಲ ತಮ್ಮಾ. ನಿನಗ ಕೈ ಮುಗಿತೇನಿ, ಈ ಮಾತು ಇಲ್ಲೇ ಬಿಡು.’

ಹಿಂಡಿನ ಜೊತೆ ದೂರದಲ್ಲಿದ್ದ ಭಾಗ್ಯಾಳ ಅಪ್ಪನಿಗೆ ಅಲ್ಲಿಂದಲೇ ಫೋನು ಹಚ್ಚಿದೆ. ಅವನು ನಾನು ಹೇಳಿದ್ದನ್ನೆಲ್ಲ ಕೇಳಿ, ಅವ್ವ ಹೇಳಿದ ಹಾಗೆ ಆಗಲಿ ಅಂತ ಇಟ್ಟುಬಿಟ್ಟ. ರೇಣವ್ವ ಬಾಗಿಲಲ್ಲಿ ನಿಂತೇ ಇದ್ದಳು. ಆ ಮನೆಯಲ್ಲಿ ಅವಳು ಏನು ಆಡಿಯಾಳು? ನಾನು ಟಂಟಂ ಸಿಗದೆ ಹೊಲದ ದಾರಿಯಲ್ಲಿ ನಡೆದೇ ಬಂದೆ. ದಾರಿಯುದ್ದಕ್ಕೂ ಒಬ್ಬನೇ ಬೈದುಕೊಂಡೆ. ಫಕೀರವ್ವನನ್ನಲ್ಲ. ಮೊಮ್ಮಗಳಿಗೆ ಕೇಳಿಸಲಿ ಅಂತ ಬಯಸಿದ್ದು ಅವಳ ತಪ್ಪೇ? ಒಂದು ದಪ್ಪ ಗಾದಿ, ಒಂದು ಮೆತ್ತಗಿನ ಪ್ರೋಗ್ರಾಂ ಇದ್ದಿದ್ದರೆ ಕೂಸು ನಿದ್ದೆಯಲ್ಲೇ ಚಿತ್ರ ಮುಗಿಸಿ ತಾಯಿಯ ಹೆಗಲ ಮೇಲೆ ಮನೆಗೆ ಹೋಗುತ್ತಿತ್ತು. ಮರುದಿನ ಗೌಡರಿಗೆ ತಾಟಿನ ಕಥೆ ಹೇಳಿದೆ. ಆಗಿದ್ದು ಆಗಿ ಹೋಯಿತು ಅಂದರು.

ಕೆಲವು ವರ್ಷಕ್ಕೆ ನಾನು ನಿವೃತ್ತನಾದೆ. ಶಾಲು ಹೊದಿಸಿದರು, ಹಾರ ಹಾಕಿದರು, ಅದರ ವಿವರ ಇಲ್ಲಿ ಬೇಡ. ಅದಾಗಿ ಸ್ವಲ್ಪ ಕಾಲಕ್ಕೆ ಗೌಡರು ಹಳೆಯ ಯಂತ್ರ ತೆಗೆಸಿ ಹೊಚ್ಚ ಹೊಸತನ್ನು ಕೂಡಿಸಿದರು. ಅದರ ಪೂಜೆಗೆ ನನಗೂ ಹೇಳಿ ಕಳಿಸಿದ್ದರು, ಹೋದೆ. ನನ್ನ ಜಾಗಕ್ಕೆ ಬಂದ ಸವಿತಾ ಅನ್ನುವ ಹೆಣ್ಣುಮಗಳು ಎಲ್ಲವನ್ನೂ ತೋರಿಸಿದಳು. ಗೇಣು ದಪ್ಪದ ಗಾದಿ, ಮಕ್ಕಳಿಗೆ ಬೇರೆ ಹೆಡ್‌ಫೋನ್, ಹಾಡು ಹಾಕುವ ವ್ಯವಸ್ಥೆ. ಸಪ್ಪಳ ಎಷ್ಟು ಕಡಿಮೆಯೆಂದರೆ ಪಕ್ಕದಲ್ಲಿ ನಿಂತು ಮಾತಾಡಬಹುದಿತ್ತು. ಗೌಡರು ಮೈಕು ಹಿಡಿದು, ಪೇಶಂಟುಗಳಿಗೆ ಸಪ್ಪಳದ ತ್ರಾಸು ಆಗಬಾರದು ಅನ್ನುವುದು ನನ್ನ ಮೊದಲಿನಿಂದಲೂ ಇದ್ದ ಆಸೆ ಅಂತ ಭಾಷಣ ಮಾಡಿದರು. ಅಲ್ಲಿ ಕೂತು ಕೇಳಿದ ನಾನು ಚಪ್ಪಾಳೆಯನ್ನೂ ತಟ್ಟಿದೆ.

ಊಟ ಮುಗಿಸಿ ಹೊರಗೆ ಬಂದರೆ ಬೇವಿನ ಗಿಡದ ನೆರಳಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಪಕ್ಕದಲ್ಲಿ ಉದ್ದ ಲಂಗದ ಹುಡುಗಿ. ರೇಣವ್ವನ ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಇಳಿದುಹೋಗಿದ್ದಳು. ಫಕೀರವ್ವ ತೀರಿಹೋಗಿದ್ದಳಂತೆ. ಎಷ್ಟು ಕಾದರೂ ಮಾತು ಬಾರದ್ದು ನೋಡಿ, ಸಾಯುವ ಮೊದಲು ಕೂಸನ್ನು ತಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದಳಂತೆ, ಹೊತ್ತು ಮೀರಿತು ಅಂತ ಡಾಕ್ಟರು ಹೇಳಿದರಂತೆ. ಭಾಗ್ಯಾ ಶಾಲೆಗೆ ಹೋಗಿ, ಮಾಸ್ತರರ ಮಾತು ತಿಳಿಯದೆ ಬಿಟ್ಟಿದ್ದಳು. ತಾಯಿ ಮಗಳು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು, ಅದು ಅವರಿಬ್ಬರೇ ಕಟ್ಟಿಕೊಂಡ ಸನ್ನೆ. ಹೊಸ ಮಷಿನ್ ಬಂದ ಸುದ್ದಿ ಕೇಳಿ, ಹಳೆಯದನ್ನು ತೆಗೆದುಬಿಟ್ಟಾರು ಅಂತ ಗಾಬರಿಯಾಗಿ ಬಂದಿದ್ದಳು ರೇಣವ್ವ.

‘ಹಿಟ್ಟಿನ ಗಿರಣಿಗೆ ಹೋದ್ರ ಇಕಿ ಗಿರಣಿ ಡಬ್ಬಿಗೆ ಗಲ್ಲ ಹಚ್ಚಿ ನಿಂದ್ರತಾಳ್ರಿ. ಟ್ರ್ಯಾಕ್ಟರ್ ಕಂಡ್ರ ಹೋಗಿ ಅಂಗೈ ಇಡತಾಳ. ನಡಗೋದಂದ್ರ ಜೀವ ಇಕಿಗಿ. ಆವತ್ತಿನ ಮಷಿನ್ನಿನ್ಯಾಗ ಒಮ್ಮೆ ಮಲಗಸ್ರಿ ಅಣ್ಣಾರ.’

ಅವಳಿಗೆ ಕೇಳಿಸುವುದಿಲ್ಲವಲ್ಲ ತಂಗಿ ಅಂದೆ. ಮಾತು ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

‘ಗೊತ್ತೈತ್ರಿ. ನೀವು ತಾಟು ಮ್ಯಾಲೆತ್ತಿ ಬಡಿಸಿದ ದಿನಾನ ಗೊತ್ತಾಗೇತಿ ನನಗ. ಕೇಳಸ್ಲಿ ಅಂತ ಬಂದಿಲ್ರಿ ನಾ. ಇಕಿಗಿ ಸಿಗೂದು ಅದೊಂದ ಐತಿ, ಅದನ್ನರೆ ಕೊಡೂಣು ಅಂತ ಬಂದೇನಿ.’

ಹಳೆಯ ಯಂತ್ರವನ್ನು ಬಿಚ್ಚಿ ಲಾರಿಯಲ್ಲಿ ಸಾಗಿಸಿ ಆಗಿತ್ತು. ಆದರೂ ಬರಿಗೈಯಲ್ಲಿ ಹೋಗಿ ಅನ್ನಲು ನನ್ನಿಂದ ಆಗಲಿಲ್ಲ. ಸವಿತಾಳನ್ನು ಕೇಳಿಕೊಂಡೆ. ಅವಳು ಪೇಶಂಟಿನ ಬದಲು ನೀರಿನ ಬಾಟಲಿ ಇಟ್ಟು ಪರೀಕ್ಷೆಯ ಸ್ಕ್ಯಾನ್ ಹಚ್ಚಲು ಒಪ್ಪಿದಳು. ನಾನು ಭಾಗ್ಯಾಳ ತಲೆಯ ಪಿನ್ನು ತೆಗೆಸಿ, ಕೈ ರೂಢಿಗೆ ಅವಳ ಕಿವಿಗೆ ಬಿರಡೆ ಹಾಕಿದೆ. ರೇಣವ್ವ ನೋಡಿದಳು.

ಯಂತ್ರ ಶುರುವಾಯಿತು. ಭಾಗ್ಯಾ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋಗಿ, ಅದರ ಬಿಳಿಯ ಮೈಗೆ ಅಂಗೈ ಇಟ್ಟು ಕಾದಳು. ಜಾಗ ಬದಲಿಸಿ ಇಟ್ಟಳು. ಗಾದಿಯ ಮೇಲೆ ಬಾಗಿ ಗಲ್ಲ ಹಚ್ಚಿ ಕಣ್ಣು ಮುಚ್ಚಿದಳು. ನಾನು ದುಡಿದಷ್ಟು ವರ್ಷ ಬೇಡಿದ ಯಂತ್ರ ಅದು, ಸಪ್ಪಳವಿಲ್ಲದ, ನಡುಗದ ಯಂತ್ರ. ಸ್ವಲ್ಪ ಹೊತ್ತಿಗೆ ಹುಡುಗಿ ಕಣ್ಣು ತೆರೆದು, ಇದು ಕೆಟ್ಟಿದೆಯೇನು ಅಂತ ನನಗೂ ತಿಳಿಯುವ ಹಾಗೆ ಕೈಸನ್ನೆ ಮಾಡಿ ಕೇಳಿದಳು.